ಹತ್ತು ವರ್ಷದ ಹುಡುಗನ ಐವತ್ತು ವರ್ಷದ ಗಂಟಲು

ನಂಬಬೇಡಿ, ಪರವಾಗಿಲ್ಲ. ನಾಗಮಂಗಲದ ಕಡೆಯ ಹಳ್ಳಿಯವನಾದ ನನ್ನ ಮಾತನ್ನು ನ್ಯೂಜೆರ್ಸಿಯಲ್ಲಿ ಯಾರೂ ಒಂದೇ ಸಲಕ್ಕೆ ನಂಬಿದ್ದಿಲ್ಲ. ಆದರೂ ನನಗೆ ಇಂಥವು ಆಗುವುದು ನಿಂತಿಲ್ಲ. ಇದು ಬ್ಯಾಂಕುಗಳು ಸಾಲಾಗಿ ಮಲಗಿದ ವರ್ಷದ್ದು. ನಮ್ಮ ಬ್ಯಾಂಕು ಒಂದು ಬೆಳಿಗ್ಗೆ ಇಡೀ ಟೀಮಿನ ಕೈಗೆ ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿತ್ತು. ನಾನು ವೆಸ್ಟ್ ವಿಂಡ್ಸರ್‌ನಲ್ಲಿ ಕನ್ನಡದ ಅಂಕಲ್ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿದ್ದೆ.

ಹುಡುಗ ಯಾರು?

ಅಂಕಲ್ ಮಗಳಿಗೆ ಹದಿಮೂರು. ಕೆಲಸವಿಲ್ಲದ ನಾನು ಅವಳ ಪಕ್ಕ ಕೂತು ಜಪಾನಿ ಕಾರ್ಟೂನ್ ನೋಡುತ್ತಿದ್ದೆ. ಅದರಲ್ಲೊಬ್ಬ ಹತ್ತು ವರ್ಷದ ಹುಡುಗ ಕತ್ತಿ ಎತ್ತಿ ಕೂಗಿದರೆ ಸೋಫಾ ನಡುಗಬೇಕು.

"ಏನ್ ಗಂಟಲಮ್ಮಾ ಈ ಹುಡುಗಂದು!"

"ಶಿ ಈಸ್ ಎ ಲೇಡಿ. ಫಿಫ್ಟಿ ಪ್ಲಸ್," ಎಂದು ಫೋಟೋ ತೋರಿಸಿದಳು. ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಥರ ಕನ್ನಡಕದ ಹೆಂಗಸು! ಕೈಯಲ್ಲಿದ್ದ ಚಕ್ಕುಲಿ ಜಾರಿತು. ನಾನು ಹುಟ್ಟುವ ಮೊದಲಿಂದಲೂ ಆ ಹುಡುಗನಿಗೆ ದನಿ ಕೊಡುವವರು ಇವರೇ ಅಂತೆ. ಅಂದರೆ ಹತ್ತು ವರ್ಷದ ಅವನು ನನಗಿಂತ ದೊಡ್ಡವನು.

ಕರ್ಚೀಫು

ಆಕೆ ಮ್ಯಾನ್‌ಹಟನ್‌ಗೆ ಅಭಿಮಾನಿಗಳಿಗೆ ಆಟೋಗ್ರಾಫ್ ಕೊಡಲು ಬರುವ ದಿನವೇ ಹುಡುಗಿಗೆ ಪಿಯಾನೋ ಪರೀಕ್ಷೆ. ಒಂದೇ ಅಳು.

"ಆಟೋಗ್ರಾಫ್ ತಾನೇ? ಕೈಗೆ ಬಂತು ಅಂತ ತಿಳ್ಕೋ," ಅಂದೆ.

ಅಂಕಲ್ ನಕ್ಕರು. "ಮೊದಲು ಒಂದು ಇಂಟರ್‌ವ್ಯೂ ಕಾಲ್ ತರಿಸಪ್ಪ."

ಇನ್ನು ಬರಿಗೈಯಲ್ಲಿ ಬಂದರೆ ಆ ಮನೆಯಲ್ಲಿ ನನ್ನ ಮುಖಕ್ಕೆ ಬೆಲೆಯಿಲ್ಲ.

ಅಲ್ಲಿ ಹೋಗಿ ನೋಡಿದರೆ ಸಾಲು ಬಿಲ್ಡಿಂಗನ್ನೇ ಸುತ್ತಿದೆ. ಅಷ್ಟು ಜನರನ್ನು ಆ ವರ್ಷ ನಾನು ನೋಡಿದ್ದು ಜಾಬ್ ಫೇರಿನಲ್ಲಿ ಮಾತ್ರ. ಅಲ್ಲಿ ಟೈ ಕಟ್ಟಿ ಅಳುಮುಖ ಹಾಕಿ ನಿಂತಿರುತ್ತಾರೆ, ಇಲ್ಲಿ ಕಾರ್ಟೂನಿನವರ ಹಾಗೆ ನೀಲಿ ಕೂದಲು ಹಾಕಿ, ರಟ್ಟಿನ ಕತ್ತಿ ಹಿಡಿದು ನಗುತ್ತಿದ್ದಾರೆ. ಎರಡು ಗಂಟೆ ನಿಂತ ಮೇಲೆ ಬಾತ್‌ರೂಮಿಗೆ ಅವಸರವಾಯಿತು. ಬಸ್ಸಿನ ಸೀಟಿಗೆ ಹಾಕುವಂತೆ ನೆಲಕ್ಕೆ ಕರ್ಚೀಫು ಹಾಕಿ ಓಡಿದೆ.

ವಾಪಸ್ ಬಂದರೆ ಕರ್ಚೀಫು ಅಲ್ಲಿಲ್ಲ. ಇಪ್ಪತ್ತು ಅಡಿ ಮುಂದಿದೆ! ಸಾಲು ಸರಿದಾಗಲೆಲ್ಲ ಹಿಂದಿನವರು ಅದನ್ನು ಕತ್ತಿಯ ತುದಿಯಿಂದ ಮುಂದಕ್ಕೆ ತಳ್ಳಿದ್ದಾರೆ. ಊರಲ್ಲಿ ನನ್ನನ್ನೇ ಯಾರೂ ಇಷ್ಟು ಮರ್ಯಾದೆಯಿಂದ ಮುಂದೆ ಬಿಟ್ಟಿಲ್ಲ.

ನನ್ನ ಗಂಟಲು

ಒಬ್ಬೊಬ್ಬರಿಗೆ ಒಂದೇ ನಿಮಿಷ. ಮೇಜಿನ ಹಿಂದೆ ಆ ಮೇಡಂ, ಪಕ್ಕದಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುವ ಹೆಂಗಸು. ಆಟೋಗ್ರಾಫಿಗೆ ಕಾರ್ಡು ಚಾಚುವುದು ಬಿಟ್ಟು ನಾನು ಏನು ಹೇಳಿದೆ ಗೊತ್ತೇ?

"ಮೇಡಂ, ನಾನೂ ಗಂಟಲಿನ ಮನುಷ್ಯನೇ. ನಮ್ಮೂರ ಕಬಡ್ಡಿ ಟೂರ್ನಮೆಂಟಿಗೆ ಮೈಕಿಲ್ಲದೆ ಅನೌನ್ಸ್ ಮಾಡಿದವನು!"

ಮೇಡಂ ಕಣ್ಣರಳಿಸಿ, ಒಂದು ಸಲ ಕೇಳಿಸಿ ಅಂದರು. ಉಸಿರೆಳೆದು ಬಿಟ್ಟೆ: "ರೈಡರ್ ಔಟ್!"

ಇಬ್ಬರು ಗಾರ್ಡುಗಳು ಓಡಿಬಂದರು. ಮೇಡಂ ಮಾತ್ರ ನನ್ನ ಬಾಯೊಳಗೆ ಇಣುಕಿ ನೋಡಿ, ಕೈಚೀಲದಿಂದ ಗಂಟಲಿನ ಗುಳಿಗೆಯೊಂದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

ಪಕ್ಕದ ಹೆಂಗಸು ಹೇಳಿದರು: "ಹೀಗೇ ಕೂಗಿದರೆ ನಲವತ್ತಕ್ಕೆ ಗಂಟಲು ಹೋಗುತ್ತದಂತೆ. ನಿಮ್ಮ ನಿಮಿಷ ಮುಗಿಯಿತು."

ಎಡಿಸನ್ ಸ್ಟೇಷನ್

"ಆಟೋಗ್ರಾಫ್ ಎಲ್ಲಿ?" ಬಾಗಿಲಲ್ಲೇ ಹುಡುಗಿ.

"ಆಗ್ಲಿಲ್ಲ ಪುಟ್ಟಿ. ಒಂದು ಗುಳಿಗೆ ಕೊಟ್ರು."

"ಅವರ ಕೈಯಿಂದಾನೇ? ಅವರ ಓನ್ ಗುಳಿಗೆ? ವೇರ್ ಈಸ್ ಇಟ್?"

"ರೈಲು ಎಡಿಸನ್ ದಾಟೋವಾಗ ಚೀಪಿ ಮುಗಿಸ್ದೆ."

ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದಳು. ಕೊನೆಗೆ ಜೇಬಿನಲ್ಲಿ ಸಿಕ್ಕ ಅದರ ಕಾಗದವನ್ನು ಕಣ್ಣಿಗೊತ್ತಿಕೊಂಡು ಗಾಜಿನ ಫ್ರೇಮಿಗೆ ಹಾಕಿದಳು.

ಮುಂದಿನ ವರ್ಷವೂ ಅವಳ ಪರವಾಗಿ ಸಾಲಿನಲ್ಲಿ ನಿಲ್ಲುವ ಕೆಲಸವನ್ನು ಅಂಕಲ್ ನನಗೆ ಕೊಟ್ಟರು. ಆ ವರ್ಷ ಇಡೀ ಅಮೆರಿಕದಲ್ಲಿ ನನಗೆ ಸಿಕ್ಕ ಕೆಲಸ ಅದೊಂದೇ.