ಅತ್ತೆಯ ಹೆಗಲು ಮತ್ತು ಶ್ಯಾವಿಗೆ ಒರಳು

ನಮ್ಮ ಸೋದರತ್ತೆ ಮನುಷ್ಯರನ್ನು ಅಳೆಯುವುದು ಶ್ಯಾವಿಗೆ ಒತ್ತುವ ಒರಳಿನಿಂದ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿ ಆರುವ ಮೊದಲು, ನಡುವೆ ಉಸ್ಸೆನ್ನದೆ ಒತ್ತಿ ಮುಗಿಸಿದವರು ಮಾತ್ರ ಅವರ ಪ್ರಕಾರ ಆಳು! ನನ್ನನ್ನು ನೋಡಲು ಬಂದ ಗಂಡಿಗೂ ಕಾಫಿಗಿಂತ ಮೊದಲು ಒರಳನ್ನೇ ತೋರಿಸಿದರು. ಅರ್ಧ ಉಂಡೆಗೆ ಗಂಡಿನ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಆದರೂ ಒತ್ತುವುದು ಬಿಡಲಿಲ್ಲ. ಈಗ ಅವರೇ ನನ್ನ ಯಜಮಾನರು.

ಇಂಥ ಅತ್ತೆಯ ಬಲ ಹೆಗಲೇ ಸವೆದುಹೋದರೆ? ಆಪರೇಷನ್ ಮಾಡಿ ಲೋಹದ ಕೀಲು ಕೂರಿಸಿದರು.

"ಅಮ್ಮಾ, ಕೀಲು ಹಾಕಲು ಹೆಗಲಿನ ಮುಂಭಾಗದ ಸ್ನಾಯುರಜ್ಜು ಬಿಡಿಸಿ ಮತ್ತೆ ಹೊಲಿದಿದ್ದೇವೆ. ಒತ್ತುವ ಬಲಕ್ಕೆ ಅದು ಬೇಕು. ಆರು ವಾರ ಜೋರು ಮಾಡಿದರೆ ಹೊಲಿಗೆ ಕಿತ್ತುಬರಬಹುದು," ಎಂದರು ಡಾಕ್ಟರು.

"ಹೊಲಿದದ್ದು ನೀವೇ ಅಲ್ದಾ? ನಿಮ್ಮ ಹೊಲಿಗೆ ಮೇಲೆ ನಿಮಗೇ ನಂಬಿಕೆ ಇಲ್ಲ ಅಂದ್ರೆ ಎಂತ ಮಾಡೂದು ಮಾರಾಯ್ರೆ?"

ನಮ್ಮೂರು ಕಮ್ಮರಡಿಗೆ ವಾಪಸು ಬಂದಮೇಲೆ, ಕೈ ತೂಗುಹಾಕಿದ ಚೀಲದೊಳಗೆ ಎಲೆ ಅಡಿಕೆ, ಮೊಬೈಲು, ಬೀಗದ ಕೈ ಎಲ್ಲ ಸೇರಿಕೊಂಡವು. ಆದರೆ ಆರು ವಾರವಲ್ಲ, ಮತ್ತೆ ತೋರಿಸುವವರೆಗೂ ಒರಳು ಮುಟ್ಟಲಿಲ್ಲ. ಹೆದರಿ ಅಲ್ಲವಂತೆ, ಡಾಕ್ಟರ ಮರ್ಯಾದೆ ಉಳಿಸಲಂತೆ!

ಆರು ತಿಂಗಳಿಗೆ ಮತ್ತೆ ತೋರಿಸಲು ಹೋದೆವು. "ಹೆಗಲಿನ ಬಲ ನೋಡಬೇಕು, ಅಂಗೈಯಿಂದ ನಿಮ್ಮ ಹೊಟ್ಟೆ ಒತ್ತಿ," ಎಂದರು ಡಾಕ್ಟರು.

"ಖಾಲಿ ಹೊಟ್ಟೆ ಒತ್ತಿದ್ರೆ ಎಂತ ಸಿಗ್ತದೆ?"

ಒತ್ತಿದರು. ಮೊಣಕೈ ಸೋತು ಹಿಂದಕ್ಕೆ ಜಾರಿತು. "ರಜ್ಜು ಕೂಡಿದೆ. ಮನೆಕೆಲಸ ಮಾಡಬಹುದು. ಬಲ ಮಾತ್ರ ಪೂರ್ತಿ ಬರಲಿಕ್ಕಿಲ್ಲ."

"ಬರದೆ ಎಲ್ಲಿ ಹೋಗ್ತದೆ?" ಎಂದರು ಅತ್ತೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಅಂಗೈಯನ್ನು ಹೊಟ್ಟೆಗೆ ಒತ್ತಿ ಒತ್ತಿ ನೋಡಿಕೊಳ್ಳುತ್ತಲೇ ಇದ್ದರು. ನನಗೆ ನಿಜಕ್ಕೂ ಭಯವಾಯಿತು. ಒರಳು ಒತ್ತಲಾಗದ ಅತ್ತೆಯನ್ನು ನಾನು ಕಂಡೇ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಒರಳಿನ ಮುಂದೆ ಕೂತರು. ನಾನು ಕೈಹಾಕಲು ಹೋದರೆ, "ದೂರ ನಿಲ್ಲು," ಎಂದು ಗದರಿದರು. ಉಂಡೆ ಕಟ್ಟಿ ಹಾಕುವುದು, ಕೆಳಗೆ ತಟ್ಟೆ ಹಿಡಿಯುವುದು ಅತ್ತೆಯ ಗಂಡ, ನಮ್ಮ ಮಾವನ ಕೆಲಸ. ಅತ್ತೆ ಹಲ್ಲುಕಚ್ಚಿ ಒತ್ತಿದರು. ಎಳೆಗಳು ಇಳಿದವು. ಒಂದು ಉಂಡೆ ಮುಗಿಯಿತು. ಎರಡಾಯಿತು, ಮೂರಾಯಿತು.

ಆಮೇಲೆ ಅತ್ತೆ ಉಂಡೆಯ ಪಾತ್ರೆಯೊಳಗೆ ಇಣುಕಿದರು. "ಉಂಡೆ ಎಂತ, ನಿಂಬೆಹಣ್ಣಿನಷ್ಟಿದೆ?"

"ಈ ಸಲದ ಅಕ್ಕಿ ಉಬ್ಬೂದಿಲ್ಲ ಮಾರಾಯ್ತಿ," ಎಂದರು ಮಾವ, ತಲೆ ಎತ್ತದೆ.

ಡಾಕ್ಟರನ್ನೂ ಬಿಡದ ಅತ್ತೆ ಹೊಲಿದ ಹೆಗಲಿನ ಆ ಕೈಯನ್ನೇ ನಿಧಾನಕ್ಕೆ ಎತ್ತಿ, ಸೆರಗಿನಿಂದ ಮಾವನ ಹಣೆಯ ಬೆವರು ಒರೆಸಿದರು. ನನಗೆ ಅಳು ತಡೆಯಲಾಗಲಿಲ್ಲ.

"ಮುಂದಿಂದು ದೊಡ್ಡದು ಕಟ್ಟಿ," ಎಂದರು ಅತ್ತೆ.