ಬೆಳ್ಳಿಯ ಹಾಜರಿ

ನಮ್ಮ ಕಡೆ ಜೀಪು ಇಟ್ಟುಕೊಂಡವನನ್ನು ಯಾರೂ ಏಕೆ ಎಂದು ಕೇಳುವುದಿಲ್ಲ. ನಾಯಿ ಸಾಕಿದವನನ್ನೂ ಕೇಳುವುದಿಲ್ಲ. ಕುದುರೆ ಸಾಕಿದವನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಸಮಜಾಯಿಷಿ ಕೊಡುತ್ತಾ ಬದುಕಬೇಕು. ಮೂಡಿಗೆರೆಯ ಗೊಬ್ಬರದ ಅಂಗಡಿಯಲ್ಲಿ ನಿಂತರೂ ಅದೇ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕುಳಿತರೂ ಅದೇ. "ಹತ್ತಿ ಓಡಾಡ್ತೀರಾ?" ಎನ್ನುವುದು ಎಲ್ಲರ ಮೊದಲ ಪ್ರಶ್ನೆ. ನಾನು ಮೀಸೆಯ ಮೇಲೆ ಕೈಯಾಡಿಸಿ "ಹೂಂ, ಒಂದೊಂದ್ಸಲ" ಎನ್ನುತ್ತೇನೆ. ನಿಮ್ಮ ಮುಂದೆ ಸುಳ್ಳು ಯಾಕೆ? ಮೂರು ವರ್ಷದಲ್ಲಿ ನಾನು ನಮ್ಮ ಬೆಳ್ಳಿಯನ್ನು ಹತ್ತಿದ್ದು ನಾಲ್ಕು ಸಲ. ಅದರಲ್ಲಿ ನಾನಾಗಿಯೇ ಇಳಿದದ್ದು ಎರಡು ಸಲ.

ಬೆಳ್ಳಿ ನಾನು ಬಯಸಿ ತಂದವಳೂ ಅಲ್ಲ. ಚಾರ್ಮಾಡಿ ರಸ್ತೆಯಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದ ಗೆಳೆಯನೊಬ್ಬ, ಕುದುರೆ ಕಂಡರೆ ಪ್ರವಾಸಿಗರು ಮುಗಿಬೀಳುತ್ತಾರೆ ಎಂದು ಅವಳನ್ನು ತರಿಸಿದ್ದ. ಅವರು ಮುಗಿಬಿದ್ದದ್ದೇನೋ ನಿಜ. ಆದರೆ ಬೆಳ್ಳಿಗೆ ಅವರ ಟೋಪಿಗಳ ಮೇಲೆ ಕಣ್ಣು. ಫೋಟೋಕ್ಕೆಂದು ಪಕ್ಕದಲ್ಲಿ ಹಲ್ಲು ಬಿಟ್ಟು ನಿಂತವರ ಟೋಪಿಯನ್ನು ಮೆಲ್ಲಗೆ ಕಚ್ಚಿ ತೆಗೆದು ಬೇಲಿಯಾಚೆ ಎಸೆದುಬಿಡುವಳು. ದಿನಕ್ಕೆ ಹತ್ತು ಸಲ ಬೇಲಿ ಹಾರಿ ಟೋಪಿ ಹುಡುಕಿದ ಗೆಳೆಯ ಕೊನೆಗೆ ನಮ್ಮ ಬಾಳೂರಿನ ತೋಟಕ್ಕೆ ಅವಳನ್ನು ಹಿಡಿದುಕೊಂಡು ಬಂದು, "ನಾಲ್ಕು ದಿನ ನಿಮ್ಮಲ್ಲಿರ್ಲಿ ಮಾರಾಯ, ಏನಾದ್ರೂ ವ್ಯವಸ್ಥೆ ಮಾಡ್ತೀನಿ" ಎಂದ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ನನ್ನ ಹೆಂಡತಿ ಲೀಲಾ ಮೊದಲ ವಾರ ಮೂಗು ಮುರಿದಳು. ಎರಡನೆಯ ವಾರ ಮನೆಯ ಬೆಲ್ಲದ ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು. ಕೇಳಿದರೆ ಇರುವೆ ಅಂದಳು.

ಬೆಳ್ಳಿಯ ಗುಣಗಾನ ಮಾಡಲು ಕೂತರೆ ಇವತ್ತಿಗೆ ಮುಗಿಯುವುದಿಲ್ಲ. ನೀರು ಕುಡಿಯುವುದು ನೀಲಿ ಬಕೆಟ್ಟಿನಲ್ಲಿ ಮಾತ್ರ. ಅದೇ ನೀರನ್ನು ಕೆಂಪು ಬಕೆಟ್ಟಿಗೆ ಸುರಿದಿಟ್ಟರೆ, ವಿಷ ಹಾಕಿದವನನ್ನು ನೋಡುವಂತೆ ನನ್ನನ್ನು ನೋಡುತ್ತಾಳೆ. ಜೀಪು, ಲಾರಿ, ಮರ ಕೊಯ್ಯುವ ಗರಗಸ, ಯಾವುದಕ್ಕೂ ಹೆದರದವಳು ಕೊಡೆ ಬಿಚ್ಚಿದರೆ ಮಾತ್ರ ಎದ್ದೆನೋ ಬಿದ್ದೆನೋ ಎಂದು ಓಡುತ್ತಾಳೆ. ಕೊಡೆಯಿಲ್ಲದೆ ಅರ್ಧ ವರ್ಷ ಕಳೆಯಲಾರದ ಊರಿನಲ್ಲಿ ಇದೆಂಥ ಶೋಕಿ! ನಮ್ಮ ಮನೆಗೆ ಬರುವವರು ಗೇಟಿನ ಬಳಿಯೇ ಕೊಡೆ ಮಡಚಿ ತೊಯ್ದುಕೊಂಡೇ ಒಳಗೆ ಬರಬೇಕು. ಹೊಸ ವಾಸನೆ ಯಾವುದು ಬಂದರೂ ಮೇಲ್ದುಟಿ ಎತ್ತಿ, ಹಲ್ಲೆಲ್ಲ ತೋರಿಸಿ, ಕುತ್ತಿಗೆ ಚಾಚಿ ನಿಲ್ಲುತ್ತಾಳೆ. ಕುದುರೆಗಳ ಸ್ವಭಾವವೇ ಅದು, ವಾಸನೆಯನ್ನು ಚೆನ್ನಾಗಿ ಹಿಡಿಯಲು ಹಾಗೆ ಮಾಡುತ್ತವೆ ಎಂದು ಪಶುವೈದ್ಯರು ವಿವರಿಸಿದರು. ವಿವರಣೆಯೇನೋ ಸರಿ. ಆದರೆ ನಾನು ಹೊಸ ತಲೆಎಣ್ಣೆ ಹಚ್ಚಿಕೊಂಡು ಹೊರಬಂದ ದಿನ ಹತ್ತು ಜನರೆದುರು ಅವಳು ಹಾಗೆ ನಕ್ಕದ್ದನ್ನು ನಾನಿನ್ನೂ ಮರೆತಿಲ್ಲ.

ಇವೆಲ್ಲ ಸಣ್ಣಪುಟ್ಟವು. ಅವಳ ನಿಜವಾದ ಹುಚ್ಚು ಹಾಜರಿಯದು. ನಮ್ಮದು ಇಪ್ಪತ್ತು ಎಕರೆಯ ಚಿಕ್ಕ ಕಾಫಿ ತೋಟ. ಬೆಳಿಗ್ಗೆ ಎಂಟಕ್ಕೆ ಆಳುಗಳು ಗೋಡೌನಿನ ಮುಂದಿನ ಕಣದಲ್ಲಿ ಸಾಲಾಗಿ ನಿಲ್ಲುತ್ತಾರೆ. ನಮ್ಮ ತಂದೆಯ ಕಾಲದಿಂದ ರೈಟರ್ ಆಗಿರುವ ಸೀನಪ್ಪನವರು ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಕರೆಸಿಕೊಂಡವರು "ಇದೀನಿ" ಎನ್ನುತ್ತಾರೆ, ಕೆಲಸ ಹಂಚಿಕೊಂಡು ಹೊರಡುತ್ತಾರೆ. ಜೀಪು ಹೋಗದ ಇಳಿಜಾರಿನಿಂದ ಕಾಫಿ ಹಣ್ಣಿನ ಚೀಲ ಹೊರಲು ಬೆಳ್ಳಿಯನ್ನು ಹಚ್ಚಿದ ಮೇಲೆ, ಒಂದು ದಿನ ಅವಳೂ ತಾನಾಗಿ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಸೀನಪ್ಪನವರಿಗೆ ತಮಾಷೆ ಎನ್ನಿಸಿರಬೇಕು. ಎಲ್ಲರದ್ದೂ ಮುಗಿದ ಮೇಲೆ ಪುಸ್ತಕದ ಮೇಲಿಂದ ನೋಡಿ "ಬೆಳ್ಳೀ!" ಎಂದರು. ಅವಳು ಮೂಗಿನಿಂದ ಒಮ್ಮೆ ಫುರ್ರೆಂದು ಕೆಲಸಕ್ಕೆ ಹೊರಟಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕದ್ದೇ ತಪ್ಪಾಯಿತು ನೋಡಿ.

ಮಾರನೆಯ ದಿನದಿಂದ ಹೆಸರು ಕೂಗದೆ ಅವಳು ಅಲುಗಾಡುವುದಿಲ್ಲ. ಅದಕ್ಕೂ ಶಿಸ್ತುಗಳಿವೆ. ಅವಳ ಹೆಸರು ಕೊನೆಯಲ್ಲೇ ಬರಬೇಕು. ಸಾಲಿನಲ್ಲಿರುವ ಅಷ್ಟೂ ಜನರ ಹೆಸರು ಕೂಗಿ ಆಗಿರಬೇಕು, ಅಷ್ಟೂ ಜನ ಉತ್ತರ ಕೊಟ್ಟಿರಬೇಕು. ಯಾರಾದರೂ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಸುಮ್ಮನಿದ್ದರೆ ಕತ್ತು ತಿರುಗಿಸಿ ಅವರನ್ನೇ ದಿಟ್ಟಿಸುತ್ತಾಳೆ. ಭಾನುವಾರ ಆಳುಗಳಿಗೆ ರಜೆ ಎಂದು ಇವಳಿಗೆ ತಿಳಿಸುವವರು ಯಾರು? ಒಬ್ಬಳೇ ಕಣದಲ್ಲಿ ನಿಂತು ಕೆನೆಯುತ್ತಾಳೆ. ನಾನು ಹಾಸಿಗೆಯಿಂದೆದ್ದು ಲುಂಗಿ ಎತ್ತಿ ಕಟ್ಟಿಕೊಂಡು ಕಣಕ್ಕೆ ಹೋಗಿ "ಲೀಲಾವತೀ!" ಎಂದು ಕೂಗಬೇಕು. ಅವಳು ಅಡುಗೆಮನೆ ಕಿಟಕಿಯಿಂದ "ಇದೀನಿ" ಎನ್ನಬೇಕು. ಆಮೇಲೆ "ಬೆಳ್ಳೀ!" ಎಂದರೆ ಮಹಾರಾಣಿಯವರು ಮೇಯಲು ಹೋಗುತ್ತಾರೆ.

ಇಷ್ಟಾದರೂ ನಾನು ಊರೂರಿನಲ್ಲಿ ಅವಳ ಬಗ್ಗೆ ಜಂಭ ಕೊಚ್ಚುತ್ತಿದ್ದೆನಲ್ಲ, ಅದಕ್ಕೊಂದು ಕಾರಣವಿದೆ. ಲೀಲಾಳ ತವರು ಮೂಡಿಗೆರೆ ಪಕ್ಕದ ದೊಡ್ಡ ಎಸ್ಟೇಟು. ಅವಳ ಅಣ್ಣ ಮಹೇಶಪ್ಪನವರು ನಮ್ಮ ತೋಟದಂಥ ಹತ್ತು ತೋಟಗಳ ಯಜಮಾನರು. ಜನ ಒಳ್ಳೆಯವರೇ. ಆದರೆ ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ. "ಬಾಳೂರು ಬಂದ್ರಾ? ಬಾಳೂರಿಗೆ ಕಾಫಿ ಕೊಡಿ. ಬಾಳೂರು ಸ್ವಲ್ಪ ಆ ಕಡೆ ಕೂತ್ಕೊಳ್ಳಿ." ಒಂದು ಸಲ ಮಹೇಶಪ್ಪನವರು ನನ್ನನ್ನು ಯಾರಿಗೋ ಪರಿಚಯಿಸಲು ಹೋಗಿ, "ಇವ್ರು ನಮ್ಮ ಬಾಳೂರಿನ..." ಎಂದು ನಿಲ್ಲಿಸಿ ಲೀಲಾಳ ಮುಖ ನೋಡಿದ್ದರು. ಹೆಸರು ನೆನಪಾಗಿರಲಿಲ್ಲ! ನನಗೆ ತುಂಬಾ ನೋವಾಗಿತ್ತು. ಯಾರಿಗೂ ಹೇಳಲಿಲ್ಲ. ಲೀಲಾಳಿಗೆ ಗೊತ್ತಿತ್ತು. ಕುದುರೆಯ ನೆಪದಲ್ಲಾದರೂ ನಾಲ್ಕು ಜನ ನನ್ನನ್ನು ಗುರುತಿಸಲಿ ಎಂದು ಜಂಭ ಕೊಚ್ಚತೊಡಗಿದೆ.

ಹೀಗಿರುವಾಗ ಮಹೇಶಪ್ಪನವರ ಮಗಳಿಗೆ ಮದುವೆ ಗೊತ್ತಾಯಿತು. ಮದುಮಗನಿಗೆ ಕುದುರೆಯೇರಿ ಬರುವ ಆಸೆ. ಅವರೇ ಫೋನ್ ಮಾಡಿದರು. "ಬಾಳೂರು, ನಿಮ್ಮ ಕುದುರೆ ಕಳಿಸ್ತೀರಾ? ಮರ್ಯಾದೆ ಪ್ರಶ್ನೆ. ಗಲಾಟೆ ಗಿಲಾಟೆ ಮಾಡೋದಿಲ್ಲ ತಾನೇ?"

"ನೀವು ಚಿಂತೆ ಬಿಡಿ ಭಾವ. ಹಸುಗೂಸು ಅದು" ಎಂದೆ. ಫೋನಿಟ್ಟ ಮೇಲೆ ಲೀಲಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನಾದ್ರೂ ಎಡವಟ್ಟಾದ್ರೆ ನನ್ನ ತವರಿನ ಮೆಟ್ಟಿಲು ಹತ್ತೋ ಹಾಗಿಲ್ಲ, ನೆನಪಿರ್ಲಿ" ಎಂದಳು. ನನಗದು ಗೊತ್ತಿಲ್ಲವೆ? ಆ ಮನೆಯವರು ಒಮ್ಮೆಯಾದರೂ ನನ್ನನ್ನು ಮನುಷ್ಯನೆಂದು ಕಾಣುವ ಅವಕಾಶ ಬಂದಿತ್ತು. ಕೆಟ್ಟರೆ ಸಾಯುವ ತನಕ "ಕುದುರೆ ಬಾಳೂರು" ಆಗುತ್ತಿದ್ದೆ.

ಹದಿನೈದು ದಿನ ತಾಲೀಮು ನಡೆಯಿತು. ಲೀಲಾ ತಟ್ಟೆ ಬಾರಿಸಿದಳು, ಸೀನಪ್ಪನವರು ಡಬ್ಬ ಬಡಿದರು. ನಾನು ಹಳೆಯ ಜರಿ ಪೇಟ ಸುತ್ತಿಕೊಂಡು ಒಂದು ದಿನ ಮದುಮಗನಾಗಿ ಕುಳಿತೆ, ಮೊದಲು ಹೇಳಿದ ನಾಲ್ಕು ಸಲದಲ್ಲಿ ಅದೂ ಒಂದು. ಇಪ್ಪತ್ತಾರು ವರ್ಷದ ಹಿಂದಿಗಿಂತ ಈಗಲೇ ಚೆನ್ನಾಗಿ ಕಾಣುತ್ತೀರಿ ಎಂದು ಲೀಲಾ ಹೇಳುವಳೇನೋ ಎಂದು ಕಾದೆ, ಹೇಳಲಿಲ್ಲ. ಪೇಟ ಕಚ್ಚದಂತೆ ಬೆಳ್ಳಿಗೆ ಬೆಲ್ಲದ ಲಂಚ ಕೊಟ್ಟು ಕಲಿಸಿದೆವು. ಗಂಡಿನ ಕಡೆಯವರಿಗೆ ಫೋನ್ ಮಾಡಿ, ದಯವಿಟ್ಟು ಕೊಡೆ ಮಾತ್ರ ಬಿಚ್ಚಬೇಡಿ ಎಂದು ಮೂರು ಸಲ ಕೈಮುಗಿದು ಹೇಳಿದೆ. ನೀಲಿ ಬಕೆಟ್ಟನ್ನು ಪಿಕಪ್ ಗಾಡಿಯಲ್ಲಿ ಅವಳ ಜೊತೆಗೇ ಇಟ್ಟೆವು. ಯಾವುದನ್ನೂ ಮರೆತಿಲ್ಲ ಎಂದುಕೊಂಡೆ.

ಮದುವೆಯ ಬೆಳಿಗ್ಗೆ ಮೂಡಿಗೆರೆಯ ಬೀದಿಯಲ್ಲಿ ಬೆಳ್ಳಿ ನಡೆದ ಗತ್ತೇನು! ವಾದ್ಯ ಮೊಳಗುತ್ತಿತ್ತು, ಮದುಮಗ ನೆಟ್ಟಗೆ ಕುಳಿತಿದ್ದ, ಲಗಾಮು ಹಿಡಿದ ನನ್ನ ಎದೆ ಒಂದು ಗೇಣು ಮುಂದಿತ್ತು. ಕಲ್ಯಾಣಮಂಟಪದ ಅಂಗಳಕ್ಕೆ ಬಂದೆವು. ಅಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಎದುರುಗೊಳ್ಳಲು ಬಾಗಿಲಿನಿಂದ ಗೇಟಿನ ತನಕ ಒಂದೇ ಸಾಲಿನಲ್ಲಿ ನಿಂತಿದ್ದರು. ಬಾಗಿಲ ಬಳಿ ಮಹೇಶಪ್ಪನವರು, ಆಮೇಲೆ ಶಾಲು ಹೊದ್ದ ದೊಡ್ಡಪ್ಪ, ಅತ್ತೆಯಂದಿರು, ಚಿಕ್ಕಮ್ಮಂದಿರು, ಹೀಗೆ ಹದಿನೈದಿಪ್ಪತ್ತು ಜನ. ಬೆಳ್ಳಿ ಆ ಸಾಲನ್ನು ನೋಡಿದಳು. ನಾನು ಲಗಾಮನ್ನು ಬಿಗಿಯಾಗಿ ಹಿಡಿದೆ. ಅವಳು ಲಗಾಮನ್ನು ಮೆಲ್ಲಗೆ ಎಳೆದುಕೊಂಡು, ಮದುಮಗನ ಸಮೇತ ಹೋಗಿ, ಸಾಲಿನ ಕೊನೆಯಲ್ಲಿದ್ದ ಚಿಕ್ಕಮ್ಮನ ಪಕ್ಕ ನೆಟ್ಟಗೆ ನಿಂತುಬಿಟ್ಟಳು.

ಎಳೆದೆವು, ದೂಡಿದೆವು. ಬಾಳೆಹಣ್ಣು ಕೊಟ್ಟೆವು, ತಿಂದಳು. ಬೆಲ್ಲ ಕೊಟ್ಟೆವು, ಅದನ್ನೂ ತಿಂದಳು. ಹೆಜ್ಜೆ ಮಾತ್ರ ಎತ್ತಲಿಲ್ಲ. ಮದುಮಗ ಇಳಿದು ನಡೆದೇ ಬರುತ್ತೇನೆ ಎಂದ. ಅವನ ಅಜ್ಜಿ ಬಿಡಬೇಕಲ್ಲ! "ಬಾಗ್ಲಲ್ಲಿ ಆರತಿ ಆಗ್ದೆ ಹುಡ್ಗ ನೆಲಕ್ಕೆ ಕಾಲಿಡ್ಬಾರ್ದು" ಎಂದು ಕೋಲು ಎತ್ತಿದರು. ಒಳಗಿನಿಂದ ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಕೂಗಿದರು. ಮಹೇಶಪ್ಪನವರ ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತು. "ಬಾಳೂರು! ಏನ್ರೀ ಇದು?"

ಮದುವೆಗೆ ಬಂದಿದ್ದ ಸೀನಪ್ಪನವರು ನನ್ನ ಕಿವಿಯಲ್ಲಿ ಉಸುರಿದರು. "ಹಾಜ್ರಿ ಕೂಗ್ದೆ ಹೊರಡೋಳಲ್ಲ ಸಾ ಇವ್ಳು."

"ಹಾಗಾದ್ರೆ ನೀವೇ ಕೂಗಿ."

"ಅಯ್ಯಯ್ಯೋ, ದೊಡ್ಡವ್ರ ಹೆಸ್ರು ನಾನ್ ಕೂಗೋದಾ? ನನ್ ಕೈಲಾಗಲ್ಲ."

ಭಾನುವಾರದ ಉಪಾಯ ಮಾಡಿ ನೋಡಿದೆ. "ಲೀಲಾವತೀ!" ಎಂದೆ. ಆರತಿ ತಟ್ಟೆ ಹಿಡಿದಿದ್ದ ಲೀಲಾ ಅಭ್ಯಾಸಬಲದಿಂದ "ಇದೀನಿ" ಎಂದಳು. "ಬೆಳ್ಳೀ!" ಎಂದೆ. ಬೆಳ್ಳಿ ಒಂದು ಕಿವಿ ನಿಮಿರಿಸಿ, ಸಾಲಿನುದ್ದಕ್ಕೂ ಕಣ್ಣು ಹಾಯಿಸಿ, ಅಲ್ಲೇ ನಿಂತಳು. ಭಾನುವಾರ ಸಾಲಿರುವುದಿಲ್ಲ, ಇವತ್ತು ಇದೆ. ಅವಳ ಲೆಕ್ಕ ಅವಳಿಗೆ.

ಬೇರೆ ದಾರಿಯಿರಲಿಲ್ಲ. ನಾನು ಸಾಲಿನ ಎದುರಿಗೆ ಹೋಗಿ ನಿಂತೆ. ಇಪ್ಪತ್ತಾರು ವರ್ಷ ಭಾವ ಎಂದು ಬಗ್ಗಿ ಮಾತನಾಡಿದ ಬಾಯಿಂದ "ಮಹೇಶಪ್ಪಾ!" ಎಂದು ಕೂಗಿದೆ. ವಾದ್ಯದವನ ಕೈ ಮೇಲಕ್ಕೆ ಎತ್ತಿದಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು, ಕುದುರೆಯನ್ನು ನೋಡಿದರು, ಮೇಲಿನ ಕಿಟಕಿಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದ ಮದುಮಗಳನ್ನು ನೋಡಿದರು. ಮಗಳ ಮುಖ ನೋಡಿದ ಮೇಲೆ ಅವರ ಗಂಟುಮುಖ ಸ್ವಲ್ಪ ಸಡಿಲವಾಯಿತು. ಗಂಟಲು ಸರಿಮಾಡಿಕೊಂಡು "ಇದೀನಿ" ಎಂದರು.

ಮುಂದಿನ ಹೆಸರು ಶಾಲಿನ ದೊಡ್ಡಪ್ಪನದು. "ನಾವೇನು ಆಳುಗಳಾ?" ಎಂದು ಅವರು ಮುಖ ತಿರುಗಿಸಿದರು. ಬೆಳ್ಳಿ ಕತ್ತು ಹೊರಳಿಸಿ ಅವರನ್ನೇ ದಿಟ್ಟಿಸಿದಳು. ಕುದುರೆ ನೋಡುತ್ತಿದೆ ಎಂದು ಸಾಲೂ ನೋಡಿತು, ಸಾಲು ನೋಡುತ್ತಿದೆ ಎಂದು ಬೀಗರೂ ನೋಡಿದರು. ದೊಡ್ಡಮ್ಮ ಪಕ್ಕದಿಂದ ತಿವಿದು, "ಹೇಳ್ರೀ, ಇದೀರಲ್ಲ!" ಎಂದರು. "ಇದೀನಿ, ಇದೀನಿ!" ಎಂದರು ದೊಡ್ಡಪ್ಪ. ಅಲ್ಲಿಂದ ಮುಂದೆ ಎಲ್ಲರಿಗೂ ಉಮೇದು ಬಂದುಬಿಟ್ಟಿತು. ಅತ್ತೆಯೊಬ್ಬರು ತಮ್ಮ ಹೆಸರು ಬರುವ ಮೊದಲೇ ಕೈ ಎತ್ತಿದರು. ಕೊನೆಯ ಚಿಕ್ಕಮ್ಮನದೂ ಆದ ಮೇಲೆ ನಾನು ಉಸಿರು ಹಿಡಿದು "ಬೆಳ್ಳೀ!" ಎಂದೆ. ಅವಳು ಫುರ್ರೆಂದು, ತಲೆ ಕೊಡವಿ, ಮದುಮಗನನ್ನು ಹೊತ್ತು ಸೀದಾ ಬಾಗಿಲಿಗೆ ಹೋಗಿ ಆರತಿಯ ಮುಂದೆ ನಿಂತಳು. ಬೀಗರು ಚಪ್ಪಾಳೆ ತಟ್ಟಿದರು. ಇದು ನಮ್ಮ ಕಡೆಯ ಪದ್ಧತಿ ಎಂದೇ ಅವರು ತಿಳಿದುಕೊಂಡರಂತೆ. ಯಾರೂ ಅಲ್ಲ ಎನ್ನಲಿಲ್ಲ.

ಮುಹೂರ್ತ ಸಾಂಗವಾಗಿ ಮುಗಿಯಿತು. ಊಟದ ಹೊತ್ತಿಗೆ ನಾನು ಎಂದಿನಂತೆ ಹಾಲಿನ ಮೂಲೆಯಲ್ಲಿ ನಿಂತಿದ್ದೆ. ಆ ಮನೆಯ ಮೊದಲ ಪಂಕ್ತಿಯಲ್ಲಿ ನಾನು ಕೂತವನಲ್ಲ. ಕೂರಬೇಡಿ ಎಂದು ಯಾರೂ ಹೇಳಿದ್ದಿಲ್ಲ, ಕೂರಿ ಎಂದೂ ಹೇಳಿದ್ದಿಲ್ಲ. ಮಹೇಶಪ್ಪನವರು ಪಂಕ್ತಿಯ ತುದಿಯಲ್ಲಿ, ತಮ್ಮ ಎಲೆಯ ಮುಂದೆ ನಿಂತು, ಅಷ್ಟು ಜನರ ಗದ್ದಲ ಮೀರಿ ಗಟ್ಟಿಯಾಗಿ ಕೂಗಿದರು.

"ಚಂದ್ರಶೇಖರಾ!"

ನನ್ನ ಕೈ ತಾನಾಗಿ ಮೇಲೆದ್ದಿತು. "ಇದೀನಿ!" ಎಂದುಬಿಟ್ಟೆ. ಹಾಲಿಗೆ ಹಾಲೇ ಘೊಳ್ಳೆಂದಿತು. ಅವರು ನಗುತ್ತಾ ಪಕ್ಕದ ಎಲೆ ತೋರಿಸಿ, "ಬಾರೋ ಮಾರಾಯ, ಕೂತ್ಕೋ" ಎಂದರು. ನಾನು ಹೋಗಿ ಕೂತೆ. ಕಣ್ಣಲ್ಲಿ ನೀರು ಬಂದ ತಪ್ಪನ್ನು ಉಪ್ಪಿನಕಾಯಿಯ ಖಾರದ ಮೇಲೆ ಹಾಕಿದೆ.

ಅಂದಿನಿಂದ ನನಗೆ ಸ್ವಲ್ಪ ಕೊಬ್ಬು ಬಂದಿರುವುದನ್ನು ಒಪ್ಪಿಕೊಳ್ಳಬೇಕು. ಮನೆಯಲ್ಲಿ "ರೀ, ತಿಂಡಿ ಆಯ್ತು" ಎಂದರೆ ನಾನು ಜಗಲಿಯಿಂದ ಏಳುವುದಿಲ್ಲ. ಹೆಸರು ಹಿಡಿದು, ಪೂರ್ತಿಯಾಗಿ, ಗಟ್ಟಿಯಾಗಿ ಕರೆಯಬೇಕು ಎಂದು ಲೀಲಾಳಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಅವಳು ಜಗಳವಾಡದೆ ಒಪ್ಪಿಕೊಂಡಳು, ದಿನವೂ ತಪ್ಪದೆ ಕರೆಯುತ್ತಾಳೆ ಕೂಡ. ಬೆಳ್ಳಿಯ ಹೆಸರು ಕೂಗಿ ಆದ ಮೇಲೆ.