ನೆಂಟರ ನಡುವೆ ಹಿಟ್ಟಿನ ಮಿಷನ್ನು

ಸ್ವಂತ ವ್ಯಾಪಾರ ಶುರು ಮಾಡಲು ಏನೇನು ಬೇಕು ಎಂದು ಯಾರನ್ನೇ ಕೇಳಿ, ಬಂಡವಾಳ ಬೇಕು, ಒಳ್ಳೆ ಜಾಗ ಬೇಕು, ಲೈಸೆನ್ಸು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಧೈರ್ಯ ಬೇಕು ಎನ್ನುತ್ತಾರೆ. ಇವೆಲ್ಲ ನನ್ನಲ್ಲಿ ಇದ್ದವು. ಧೈರ್ಯವಂತೂ ನನ್ನ ಹೆಂಡತಿ ರತ್ನಳ ಪ್ರಕಾರ ಬೇಕಾದ್ದಕ್ಕಿಂತ ಒಂದು ಪಾವು ಜಾಸ್ತಿಯೇ ಇತ್ತು. ಆದರೆ ವ್ಯಾಪಾರಸ್ಥನಿಗೆ ಮೈಯಲ್ಲಿ ಎರಡು ಅಂಗಗಳು ಸರಿಯಾಗಿರಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಒಂದು, ಕೂರುವುದಕ್ಕೆಂದು ದೇವರು ಕೊಟ್ಟ ಭಾಗ. ಇನ್ನೊಂದು, ನಾಲಿಗೆ. ಮೊದಲನೆಯದು ಅಂಗಡಿಯ ಕುರ್ಚಿಯ ಮೇಲೆ ಅಲ್ಲಾಡದೆ ಇರಬೇಕು, ಎರಡನೆಯದು ಗಿರಾಕಿಯ ಎದುರು ರೇಟು ಹೇಳಬೇಕು. ನನಗೆ ಎರಡೂ ಕೈಕೊಟ್ಟವು.

ಕೂರುವ ಸಂಗತಿಯನ್ನು ಮೊದಲು ಹೇಳಿ ಮುಗಿಸುತ್ತೇನೆ. ತಮಿಳುನಾಡಿನ ಗಡಿಯ ಹೊಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಅರ್ಧ ಆಯುಷ್ಯ ಲೈನಿನಲ್ಲಿ ನಿಂತು ಕೆಲಸ ಮಾಡಿದವನು. ಅಲ್ಲಿ ಕೂತವನು ಒಂದೋ ಮ್ಯಾನೇಜರು, ಇಲ್ಲವೇ ಮೈ ಸರಿಯಿಲ್ಲದವನು. ಸ್ವಯಂ ನಿವೃತ್ತಿ ತೆಗೆದುಕೊಂಡು ಅಲ್ಲೇ ಆಲಸನತ್ತಂ ಬಡಾವಣೆಯಲ್ಲಿ ಹಿಟ್ಟಿನ ಮಿಷನ್ನು ಹಾಕಿದಾಗ ರತ್ನ ಆಸೆಪಟ್ಟು ಒಂದು ಮೆತ್ತೆಯ ಕುರ್ಚಿ ತಂದಿಟ್ಟಳು. ಓನರು ಅಂದಮೇಲೆ ಕೂತಿರಬೇಕಂತೆ. ಕೂತೆ. ಕೂತ ಕೂಡಲೇ ಮಿಷನ್ನಿನ ಬೆಲ್ಟು ಸಡಿಲವಾದಂತೆ ಅನ್ನಿಸಿತು, ಎದ್ದು ನೋಡಿದೆ. ಮತ್ತೆ ಕೂತೆ, ತಕ್ಕಡಿ ವಾಲಿದಂತೆ ಕಂಡಿತು, ಎದ್ದು ಸರಿಮಾಡಿದೆ. ಗಿರಾಕಿ ಯಾಕೆ ಬರಲಿಲ್ಲ ಎಂದು ಬಾಗಿಲಿಗೆ ಹೋದೆ, ಬಾಗಿಲಿನಿಂದ ರಸ್ತೆಗೆ, ರಸ್ತೆಯಿಂದ ಟೀ ಅಂಗಡಿಗೆ. ಟೀ ಅಂಗಡಿಯಿಂದ ಬರುವಷ್ಟರಲ್ಲಿ ಗಿರಾಕಿ ಬಂದು, ಓನರು ಇಲ್ಲವೆಂದು ಹೋಗಿರುತ್ತಿದ್ದರು. ಕಾರ್ಖಾನೆಯಲ್ಲಿ ಶಿಫ್ಟು ಮುಗಿದರೆ ಮುಗಿಯಿತು, ಯೋಚನೆಯನ್ನು ಗೇಟಿನಲ್ಲೇ ಬಿಟ್ಟು ಬಸ್ಸು ಹತ್ತಬಹುದು. ಸ್ವಂತ ವ್ಯಾಪಾರಕ್ಕೆ ಗೇಟೇ ಇಲ್ಲ. ಊಟದ ತಟ್ಟೆಯ ಮುಂದೆ, ಕ್ಷೌರದ ಅಂಗಡಿಯಲ್ಲಿ, ದೇವಸ್ಥಾನದಲ್ಲಿ ಕಣ್ಣು ಮುಚ್ಚಿದಾಗಲೂ ಒಳಗೆ ಮಿಷನ್ನು ಓಡುತ್ತಲೇ ಇರುತ್ತಿತ್ತು.

ಈ ಚಡಪಡಿಕೆಗೆ ಕಾರಣವಿತ್ತು. ರತ್ನ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಳು. ದೀಪಾವಳಿಯ ಹೊತ್ತಿಗೆ ಮಿಷನ್ನು ತನ್ನ ಕರೆಂಟು ಬಿಲ್ಲು, ತನ್ನ ಬಾಡಿಗೆ ತಾನೇ ದುಡಿದುಕೊಳ್ಳಬೇಕು. ಇಲ್ಲದಿದ್ದರೆ ಅದನ್ನು ಮಾರಿ ನಾನು ಹಳೇ ಕಾರ್ಖಾನೆಗೇ ಕಾಂಟ್ರ್ಯಾಕ್ಟಿನ ಮೇಲೆ ವಾಪಸ್ಸು ಹೋಗಬೇಕು. ಅಲ್ಲಿ ಈಗ ಸೂಪರ್‌ವೈಸರ್ ಆಗಿರುವವನಿಗೆ ಸ್ಪ್ಯಾನರು ಹಿಡಿಯುವುದನ್ನು ಕಲಿಸಿದವನು ನಾನು. ಅವನ ಕೈಕೆಳಗೆ ನಿಲ್ಲುವುದನ್ನು ನೆನೆಸಿಕೊಂಡರೆ ಸಾಕು, ಕುರ್ಚಿ ಸುಡುತ್ತಿತ್ತು.

ಇನ್ನು ನಾಲಿಗೆ. ಜಾಗ ಹುಡುಕುವಾಗ ಗಡಿಯ ಈಚೆಗೇ ಇರುವ ನಮ್ಮೂರು ಗುಮ್ಮಳಾಪುರದ ಹಿರಿಯರೆಲ್ಲ ಒಂದೇ ಬುದ್ಧಿ ಹೇಳಿದ್ದರು: "ನಮ್ಮೋರು ಇರೋ ಕಡೆ ಮಡಗ್ಲಾ. ನಮ್ಮೋರು ಕೈ ಬುಡಾಕಿಲ್ಲ." ಆಲಸನತ್ತಂನಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಮಂದಿ. ಅಣ್ಣ ತಮ್ಮಂದಿರು, ಭಾವಂದಿರು, ಹೆಣ್ಣು ಕೊಟ್ಟವರು, ಕೊಡುತ್ತೇವೆಂದು ಹೇಳಿ ಕೊಡದೆ ಹೋದವರು, ಎಲ್ಲರೂ ಕಾರ್ಖಾನೆ ಸೇರಿ ಅಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಎಲ್ಲರಿಗೂ ಊರಿನಿಂದ ರಾಗಿ ಬರುತ್ತದೆ. ಹಿರಿಯರ ಮಾತು ಸುಳ್ಳಾಗಲಿಲ್ಲ. ಅವರು ನನ್ನ ಕೈ ಬಿಡಲೇ ಇಲ್ಲ. ಭಾನುವಾರ ಬಂತೆಂದರೆ ಚೀಲ ಹೊತ್ತುಕೊಂಡು ಸಾಲಾಗಿ ಬರುತ್ತಿದ್ದರು. ಮಿಷನ್ನು ಎಡೆಬಿಡದೆ ಓಡುತ್ತಿತ್ತು. ಕಾಸು ಮಾತ್ರ ಬರುತ್ತಿರಲಿಲ್ಲ.

ಅವರ ತಪ್ಪೂ ಅಲ್ಲ. ನಮ್ಮಲ್ಲಿ ಒಂದು ಮರ್ಯಾದೆಯ ಪದ್ಧತಿ ಇದೆ. ಹಿಟ್ಟು ಕಟ್ಟಿಕೊಂಡ ಮೇಲೆ ನೆಂಟನಾದವನು ಜೇಬಿಗೆ ಕೈ ಹಾಕಿ "ಎಷ್ಟಾಯ್ತ್ಲಾ?" ಎಂದು ಕೇಳಬೇಕು. ನಾನು "ಇರ್ಲಿ ಬುಡಣ್ಣ" ಎನ್ನಬೇಕು. ಅವನು "ಅದೆಂಗಾದಾತು, ಯೋಳು" ಎನ್ನಬೇಕು. ನಾನು ಮತ್ತೆ ಬೇಡವೆನ್ನಬೇಕು. ಮೂರನೇ ಸಲಕ್ಕೆ ಅವನು ನೋಟನ್ನು ನನ್ನ ಜೇಬಿಗೆ ತುರುಕಬೇಕು, ನಾನು ಬೈದುಕೊಂಡು ಇಟ್ಟುಕೊಳ್ಳಬೇಕು. ನಮ್ಮಪ್ಪ ಊರಲ್ಲಿ ಗಾಣ ನಡೆಸುತ್ತಿದ್ದ ಕಾಲದಲ್ಲಿ ಇದು ಹೀಗೇ ನಡೆಯುತ್ತಿತ್ತಂತೆ. ಈಗ ಎಲ್ಲರಿಗೂ ಅವಸರ. ಶಿಫ್ಟಿಗೆ ಹೊತ್ತಾಗುತ್ತದೆ, ಬಸ್ಸು ತಪ್ಪುತ್ತದೆ. ಹಾಗಾಗಿ ಮೂರು ಸಲದ ಶಾಸ್ತ್ರ ಒಂದೇ ಸಲಕ್ಕೆ ಇಳಿದಿದೆ. ನನ್ನ ಪಾಲಿನದು ನಾನು ತಪ್ಪದೆ ಹೇಳುತ್ತಿದ್ದೆ. ಅವರ ಪಾಲಿನದು ಜೇಬಿನಲ್ಲೇ ಉಳಿಯುತ್ತಿತ್ತು.

ಇದರಲ್ಲಿ ಎಲ್ಲರಿಗಿಂತ ಮುಂದು ನನ್ನ ದೊಡ್ಡಪ್ಪನ ಮಗ ನಂಜುಂಡ. ಅವನು ತನ್ನ ಮನೆಯ ರಾಗಿಯ ಜೊತೆಗೆ ಮಾಳಿಗೆಯ ಬಾಡಿಗೆಯವರ ಗೋಧಿಯನ್ನೂ ತರುತ್ತಿದ್ದ. ಅವರ ಹತ್ತಿರ ಬೀಸಿದ ಕೂಲಿ ಇಸಿದುಕೊಳ್ಳುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ನನ್ನ ಮಿಷನ್ನಿನಿಂದ ಲಾಭ ಕಂಡ ಮೊದಲ ಮನುಷ್ಯ ಅವನೇ.

ಒಂದು ಭಾನುವಾರ ಅವನು ಎಂದಿನಂತೆ "ಎಷ್ಟಾಯ್ತ್ಲಾ ಶೀನ?" ಎಂದ. ನಾನು ಎಂದಿನಂತೆ "ಇರ್ಲಿ ಬುಡಣ್ಣ" ಎಂದೆ. ಅವನ ಹಿಂದೆ ನಿಂತಿದ್ದ ತಮಿಳು ಹೆಂಗಸೊಬ್ಬರು ಮೆಣಸಿನಕಾಯಿ ಡಬ್ಬ ಮುಂದಿಟ್ಟು, "ಅಣ್ಣೇ, ಎವ್ಳೋ?" ಎಂದು ಕೇಳಿದರು. ನಾನು ತಟ್ಟನೆ ತಮಿಳಿನಲ್ಲಿ ರೇಟು ಹೇಳಿದೆ. ಮೆಣಸಿನಕಾಯಿ ಸರಿಯಾಗಿ ಒಣಗಿಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಎಂದೂ ಹೇಳಿದೆ. ಚಿಲ್ಲರೆ ಇಲ್ಲ ಅಂದರು. ಪಕ್ಕದ ಅಂಗಡಿಯಲ್ಲಿ ತಂದುಕೊಡಿ ಎಂದೆ. ನನ್ನ ದನಿಯೇ ಬೇರೆಯಾಗಿತ್ತು. ಹಿಟ್ಟು ಬೀಳುವ ಬಟ್ಟೆಯ ಚೀಲ ಕಟ್ಟುತ್ತಿದ್ದ ರತ್ನ ಎಲ್ಲವನ್ನೂ ನೋಡಿದಳು. ಗಿರಾಕಿಗಳು ಹೋದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು:

"ನೀವು ಕನ್ನಡ್ದಾಗೆ ಧರ್ಮಛತ್ರ, ತಮಿಳ್ನಾಗೆ ಅಂಗ್ಡಿ. ನಾಳೆಯಿಂದ ಮಿಷನ್ ಹತ್ರ ಬರೀ ತಮಿಳೇ ಮಾತಾಡಿ. ಯಾರೇ ಬರ್ಲಿ."

ಯೋಚಿಸಿದಷ್ಟೂ ಅವಳ ಮಾತು ನಿಜವೆನ್ನಿಸಿತು. ನಾನು ಕೂಡುವುದು ಕಳೆಯುವುದು ಕಲಿತದ್ದು ತಮಿಳು ಮೇಷ್ಟ್ರ ಬೆತ್ತದ ಕೆಳಗೆ. ಸಂಬಳ, ಬ್ಯಾಂಕು, ಕರೆಂಟು ಆಫೀಸು ಎಲ್ಲ ತಮಿಳಿನಲ್ಲೇ. ಕನ್ನಡದಲ್ಲಿ ನಾನು ಉಣ್ಣುತ್ತೇನೆ, ಅಳುತ್ತೇನೆ, ದೊಡ್ಡವರ ಕಾಲಿಗೆ ಬೀಳುತ್ತೇನೆ. ಆ ಭಾಷೆಯಲ್ಲಿ "ಕಾಸು ಕೊಡಿ" ಎಂದು ಕೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಪಕ್ಕದ ಬಾಳೆಹಣ್ಣಿನವನ ಜೊತೆ ತೆಲುಗು ಆಡುತ್ತೇನೆ. ತೆಲುಗಿನಲ್ಲಿ ನನಗೆ ಸಾಲ ಕೊಡಲು ಬರುತ್ತದೆ, ವಾಪಸ್ಸು ಕೇಳಲು ಬರುವುದಿಲ್ಲ. ಮಿಷನ್ನು ಕೆಟ್ಟರೆ ಬಾಯಿಗೆ ಬರುವುದು ಕಾರ್ಖಾನೆಯ ಇಂಗ್ಲಿಷು. ಇಷ್ಟು ಭಾಷೆ ಗೊತ್ತಿದ್ದೂ ದುಡಿಯಲು ಬರುತ್ತಿದ್ದುದು ಒಂದರಲ್ಲಿ ಮಾತ್ರ.

ಮುಂದಿನ ಭಾನುವಾರ ನಂಜುಂಡ "ಎಷ್ಟಾಯ್ತ್ಲಾ?" ಎಂದಾಗ ನಾನು ಗೋಡೆ ನೋಡಿಕೊಂಡು ತಮಿಳಿನಲ್ಲಿ ರೇಟು ಹೇಳಿದೆ. ಅವನು ಹಿಂದೆ ತಿರುಗಿ ನೋಡಿದ, ನಾನು ಯಾರಿಗೆ ಹೇಳಿದೆನೋ ಎಂದು. ಹಿಂದೆ ಯಾರೂ ಇರಲಿಲ್ಲ.

"ಏನ್ಲಾ, ನನ್ ಕೂಡೇನೇ ತಮಿಳಾ? ಜರ ಗಿರ ಬಂದೈತಾ?"

ನಾನು ಇನ್ನೊಮ್ಮೆ ರೇಟು ಹೇಳಿದೆ. ಆಗ ನಡೆದದ್ದನ್ನು ನಾನು ಈಗಲೂ ನಂಬಲಾರೆ. ಅವನ ಕೈ ತಾನಾಗಿ ಜೇಬಿನಿಂದ ಹೊರಬಂತು, ಕೈಯಲ್ಲಿ ನೋಟಿತ್ತು. ಪಾಪ, ಅವನೂ ನನ್ನ ಹಾಗೆಯೇ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ತಮಿಳಿನಲ್ಲಿ ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಅವನ ಕೈಗೆ ರೂಢಿಯಾಗಿತ್ತು.

ಮಿಷನ್ನು ಚೇತರಿಸಿಕೊಂಡಿತು. ನೆಂಟಸ್ತಿಕೆ ಮಲಗಿತು. ಒಂದು ನಾಮಕರಣಕ್ಕೆ ಹೋದರೆ ಬಾಗಿಲಲ್ಲೇ ನಂಜುಂಡ ಕೈಮುಗಿದು "ವಾಂಗ ಮುದಲಾಳಿ" ಎಂದು ಯಜಮಾನರನ್ನು ಬರಮಾಡಿಕೊಳ್ಳುವಂತೆ ಕರೆದ. ಪಂಕ್ತಿಯಲ್ಲಿ ಬಡಿಸುವವರು ಎಲ್ಲರಿಗೂ "ಇನ್ನೊಸಿ ಹಾಕ್ಲಾ?" ಎನ್ನುತ್ತ ಬಂದು, ನನ್ನ ಎಲೆಯ ಮುಂದೆ ತಮಿಳಿಗೆ ತಿರುಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಇದನ್ನೆಲ್ಲ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ನಮ್ಮತ್ತೆಯ ವಿಷಯ. ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ, ನಮ್ಮಪ್ಪನ ಅಕ್ಕ ಮುನಿಯಮ್ಮ. ತಾಯಿಯಿಲ್ಲದ ನನ್ನನ್ನು ಗುಮ್ಮಳಾಪುರದಲ್ಲಿ ಸಾಕಿದವಳು. ಮಿಷನ್ನು ಹಾಕಿದಾಗಿನಿಂದ ಊರಲ್ಲಿರುವ ಮಿಷನ್ನನ್ನು ಬಿಟ್ಟು, ರಾಗಿ ಚೀಲವನ್ನು ಬಸ್ಸಿಗೆ ಹಾಕಿಕೊಂಡು ನನ್ನ ಹತ್ತಿರವೇ ಬರುತ್ತಿದ್ದಳು. ಅವಳಿಗೆ ತಮಿಳು ಬಾರದು. "ಅತ್ತೆ ಬಂದ್ರೆ ಏನ್ ಮಾಡ್ತೀರಾ?" ಎಂದು ರತ್ನ ಕೇಳಿದಾಗಲೆಲ್ಲ ನಾನು ಎದ್ದು ಬೆಲ್ಟು ನೋಡಲು ಹೋಗುತ್ತಿದ್ದೆ. ಆ ಪ್ರಶ್ನೆಗೆ ಉತ್ತರ ಬೇಕಾಗಲಿಲ್ಲ. ಅತ್ತೆ ಬರುವುದನ್ನೇ ನಿಲ್ಲಿಸಿಬಿಟ್ಟಳು. ನಂಜುಂಡ ಊರಿಗೆ ಹೋಗಿ ಬಂದು ಸುದ್ದಿ ಹೇಳಿದ: "ಅತ್ತೆ ಊರಾಗೇ ಬೀಸಿಸ್ಕೋತಾವ್ಳೆ. ನಮ್ ಶೀನ ನಮ್ಮೋನಾಗಿ ಉಳೀಲಿಲ್ಲ ಅಂತ ಕಣ್ಣೀರು ಹಾಕ್ದ್ಲು."

ಅವತ್ತಿನಿಂದ ನನಗೆ ನಿಂತಲ್ಲೂ ನಿಲ್ಲಲಾಗಲಿಲ್ಲ. ಮಿಷನ್ನಿಗೆ ರಾಗಿ ಸುರಿದು ಬಸ್ ಸ್ಟಾಪಿಗೆ ಓಡುವುದು, ಊರ ಕಡೆಯ ಬಸ್ಸಿನಿಂದ ಇಳಿಯುವವರ ಮುಖ ನೋಡುವುದು, ವಾಪಸ್ಸು ಓಡಿಬರುವುದು. ಒಂದು ಸಲ ಇದರಲ್ಲೇ ಯಾರದೋ ಗೋಧಿ ಯಾರದೋ ರಾಗಿಗೆ ಬೆರೆಯಿತು. ಊರಿಗೆ ಹೋಗಿ ಅವಳ ಕಾಲು ಹಿಡಿಯೋಣವೆಂದರೆ ಧೈರ್ಯವಿಲ್ಲ. ರತ್ನ ಅಗತ್ಯಕ್ಕಿಂತ ಜಾಸ್ತಿ ಇದೆ ಎನ್ನುತ್ತಿದ್ದಳಲ್ಲ, ಆ ಧೈರ್ಯ ಇಂಥ ಕೆಲಸಕ್ಕೆ ಆಗಿಬರುವುದಿಲ್ಲ.

ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಭಾನುವಾರ. ಹಬ್ಬದ ಹಿಟ್ಟಿಗೆ ಸಾಲು ಬಾಗಿಲು ದಾಟಿತ್ತು. ತಲೆ ಎತ್ತದೆ ಬೀಸುತ್ತಿದ್ದೆ. ಒಂದು ಚೀಲ ಮುಂದೆ ಬಂತು. ಬೀಸಿದೆ, ಕಟ್ಟಿದೆ, ತಕ್ಕಡಿಯ ಮೇಲಿಟ್ಟೆ.

"ತಂಬೀ, ಎವ್ಳೋ?"

ಆ ತಮಿಳು ರಾಗಿಮುದ್ದೆಯ ಹಾಗೆ ದುಂಡಗಿತ್ತು. ತಲೆ ಎತ್ತಿದರೆ ಅತ್ತೆ! ಸಾಲಿನಲ್ಲಿ ಎಲ್ಲರ ಹಾಗೆ ನಿಂತು ಬಂದಿದ್ದಳು. ಮುಷ್ಟಿಯಲ್ಲಿ ನೋಟು ಹಿಡಿದು, ಕಂಠಪಾಠ ಒಪ್ಪಿಸಿದ ಮಗುವಿನಂತೆ ನನ್ನನ್ನೇ ನೋಡುತ್ತಿದ್ದಳು. ನನ್ನ ತಮಿಳೆಲ್ಲ ಎಲ್ಲಿ ಹೋಯಿತೋ! ಕಣ್ಣು ತುಂಬಿ ಬಂತು. ಬಾಯಿಂದ ಬಂದದ್ದು ಒಂದೇ ಮಾತು:

"ಇರ್ಲಿ ಬುಡತ್ತೆ."

ಸಾಲಿನಲ್ಲಿದ್ದ ನಂಜುಂಡ ಕೂಗಿದ: "ಓಹೋ, ಅತ್ತೆಗೆ ಕನ್ನಡ, ನಮ್ಗೆ ತಮಿಳಾ? ಹಂಗಾರೆ ನಮ್ದೂ ಇರ್ಲಿ ಬುಡ್ಲಾ!"

ಸಾಲೆಲ್ಲ ಹೋ ಎಂದಿತು. ಮುಗಿಯಿತು ಅಂದುಕೊಂಡೆ. ಸೂಪರ್‌ವೈಸರನ ಮುಖ ಕಣ್ಣ ಮುಂದೆ ಬಂತು. ಆದರೆ ಅತ್ತೆ ಸಾಲಿನ ಕಡೆ ತಿರುಗಿ ಒಂದು ದೃಷ್ಟಿ ಬೀರಿದಳು, ಎಲ್ಲರ ಬಾಯಿ ಮುಚ್ಚಿತು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮ್ಮಪ್ಪಾನೂ ಇಂಗೇ ಇರ್ಲಿ ಬುಡು, ಇರ್ಲಿ ಬುಡು ಅಂದೇ ಗಾಣ ಮುಚ್ಕೊಂಡ. ನೀನೂ ಮುಚ್ಕೋತೀಯೇನ್ಲಾ? ಮುನಿಸ್ಕೊಂಡಿದ್ದೆ ಕಣ್ಲಾ, ಸುಳ್ಳು ಯಾಕೆ ಯೋಳ್ಲಿ. ಊರಾಗೆ ಆ ಮಿಷನ್ನೋನು ಬಾಮ್ಮಾ ಅಂತ ಒಂದ್ ಮಾತೂ ಆಡಾಕಿಲ್ಲ, ಕೈ ಚಾಚ್ತಾನೆ, ಕೊಟ್ಟು ಬತ್ತೀನಿ. ಯಾರೋ ಬ್ಯಾರೆಯೋನ್ಗೆ ಕೊಡ್ತೀನಿ, ನಾನ್ ಸಾಕಿದ್ ಮಗನ್ಗೆ ಕೊಡಾಕೆ ನಂಗೇನ್ ಬಂದಿತ್ತು ರೋಗ ಅನ್ನಿಸ್ತು. ನೀನು ತಮಿಳ್ನಾಗಾದ್ರೆ ಈಸ್ಕೋತೀಯಂತಲ್ಲ, ಅದ್ಕೇ ಬಸ್ನಾಗೆ ಕಂಡಕ್ಟ್ರನ್ನ ಕೇಳಿ ಕಲ್ತ್ಕೊಂಡ್ ಬಂದೆ. ಹಿಡಿ."

ನೋಟನ್ನು ನನ್ನ ಜೇಬಿಗೆ ತುರುಕಿದಳು. ನಮ್ಮಪ್ಪನ ಕಾಲದ ಮೂರನೇ ಸಲದ ಶಾಸ್ತ್ರ ಅಂದರೆ ಅದೇ. ನಾನು ಬೈದುಕೊಳ್ಳಬೇಕಾಗಿತ್ತು, ಮೂಗು ಒರೆಸಿಕೊಂಡೆ. ಅತ್ತೆ ಹೋಗಿ ಆ ಮೆತ್ತೆಯ ಕುರ್ಚಿಯ ಮೇಲೆ ಕೂತಳು. ಕೂತವಳು ಸಂಜೆಯವರೆಗೆ ಅಲ್ಲಾಡಲಿಲ್ಲ. "ನಂಜುಂಡ, ಕೊಡು. ಬಾಡ್ಗೆಯೋರ್ದೂ ಸೇರ್ಸಿ ಕೊಡು" ಎಂದು ಅಪ್ಪಟ ಕನ್ನಡದಲ್ಲಿ ಕೈ ಚಾಚಿದಳು. ಅವರಲ್ಲಿ ಅರ್ಧ ಜನರ ಮೂಗು ಒರೆಸಿದವಳು ಅವಳು. ಎದುರಾಡುವವರು ಯಾರು?

ಈಗ ಭಾನುವಾರ ಭಾನುವಾರ ಅತ್ತೆ ಬರುತ್ತಾಳೆ. ತಮಿಳು ಗಿರಾಕಿಗಳಿಗೆ ರೇಟು ಹೇಳುವಷ್ಟು ತಮಿಳನ್ನೂ ಕಲಿತಿದ್ದಾಳೆ. ದೀಪಾವಳಿ ಕಳೆಯಿತು, ನಾನು ಕಾರ್ಖಾನೆಗೆ ವಾಪಸ್ಸು ಹೋಗಲಿಲ್ಲ. ನೆಂಟರು ಮತ್ತೆ ನನ್ನೊಡನೆ ಕನ್ನಡಕ್ಕೆ ಬಂದಿದ್ದಾರೆ. ಕೂರುವುದಕ್ಕೂ ಕೇಳುವುದಕ್ಕೂ ಅವಳಿರುವುದರಿಂದ ನಾನು ನೆಮ್ಮದಿಯಾಗಿ ಅತ್ತಿಂದಿತ್ತ ಓಡಾಡಿಕೊಂಡಿದ್ದೇನೆ. ಅಂಗಡಿ ನನ್ನದೇ ಎಂದು ನಾನು ಭಾವಿಸಿದ್ದೆ.

ಮೊನ್ನೆ ಭಾನುವಾರ ಮನೆಯಲ್ಲಿ ರಾಗಿ ಹಿಟ್ಟು ಮುಗಿದಿತ್ತು. ಈಗೀಗ ಅಂಗಡಿಯಲ್ಲಿ ಮಾರಲೆಂದೂ ಕಟ್ಟಿಡುವ ಹಿಟ್ಟಿನ ಪೊಟ್ಟಣಗಳಲ್ಲಿ ಒಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೆ. ಕುರ್ಚಿಯಿಂದ ಒಂದು ಕೈ ಅಡ್ಡ ಬಂತು. ಅಂಗಡಿಯದು ಅಂಗಡಿಗೆ, ಮನೆಯದು ಮನೆಗೆ ಎಂಬುದು ಅತ್ತೆಯ ಕಾನೂನು. ಜೇಬಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. "ಅತ್ತೆ, ನಾನು ನಿಮ್ಮೋನಲ್ವಾ?" ಎಂದೆ.

ಅತ್ತೆ ನನ್ನ ಮುಖವನ್ನೊಮ್ಮೆ ಚೆನ್ನಾಗಿ ನೋಡಿದಳು. ಆಮೇಲೆ ತಮಿಳಿನಲ್ಲಿ ರೇಟು ಹೇಳಿದಳು.